ತಾರಸಿ ಮೇಲಿನ ಗಾಳಿಯಂತ್ರ ಕೈಕೊಟ್ಟಾಗ: ಎಲ್ಲಿ ನೋಡಬೇಕು, ಯಾವಾಗ ಮುಟ್ಟಬಾರದು

ನಮ್ಮ ತಾರಸಿ ಮೇಲೆ ಎರಡು ಮೀಟರ್ ಅಗಲದ, ಮೂರು ರೆಕ್ಕೆಯ ಪುಟ್ಟ ಗಾಳಿಯಂತ್ರ ಇದೆ. 24 ವೋಲ್ಟ್ ಬ್ಯಾಟರಿ ತುಂಬಿಸುತ್ತದೆ, ತುಂಬಿಸಬೇಕು ಅನ್ನುವುದು ಆಸೆ. ಹೋದ ಆಷಾಢದಲ್ಲಿ ಒಂದು ದಿನ ಅದು ನಿಂತೇ ಹೋಯಿತು. ನಾನು ಕಂಬ ಇಳಿಸಿದೆ, ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಬಿಚ್ಚಿದೆ, ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಬೇರಿಂಗ್ ತಂದು ಹಾಕಿದೆ, ಇಬ್ಬರು ಸ್ನೇಹಿತರನ್ನು ಕರೆದು ಮತ್ತೆ ಕಂಬ ಎತ್ತಿಸಿದೆ. ಆಗಲೂ ತಿರುಗಲಿಲ್ಲ. ಕೊನೆಗೆ ನೋಡಿದರೆ, ಮನೆಗೆ ಪೇಂಟ್ ಹೊಡೆಯಲು ಬಂದವರು ಮೆಟ್ಟಿಲ ಹತ್ತಿರದ ಬ್ರೇಕ್ ಸ್ವಿಚ್ಚನ್ನು ಒತ್ತಿ ಹೋಗಿದ್ದರು. ಎರಡು ಭಾನುವಾರ ದಂಡ.

ಅದಕ್ಕೇ ಈ ಬರಹ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಮೊದಲು ಸ್ವಿಚ್ಚು, ಆಮೇಲೆ ವೈರು, ಆಮೇಲೆ ಬ್ಯಾಟರಿಗೆ ಕರೆಂಟ್ ಹದ ಮಾಡಿ ಕಳಿಸುವ ಕಂಟ್ರೋಲರ್ ಡಬ್ಬಿ, ಕಂಬ ಇಳಿಸುವುದು ಎಲ್ಲಕ್ಕಿಂತ ಕೊನೆಗೆ. ಬೇಕಾದ ಸಾಮಾನು ಕಮ್ಮಿ: ಒಂದು ಮಲ್ಟಿಮೀಟರ್, ಒಂದು ರಸಮಟ್ಟ, ಅಡುಗೆಮನೆಯ ತೂಕದ ಯಂತ್ರ ಮತ್ತು ಒಂದು ಗಾಳಿಪಟ. ಗಾಳಿಪಟ ತಮಾಷೆಗೆ ಹೇಳಿದ್ದಲ್ಲ.

ಮುಟ್ಟುವ ಮುಂಚೆ

ತಿರುಗುವ ರೆಕ್ಕೆಗೆ ಕೈ, ಕೋಲು, ಹಗ್ಗ ಏನೂ ಕೊಡಬೇಡಿ. ಎರಡು ಮೀಟರಿನ ಯಂತ್ರ ನಿಮಿಷಕ್ಕೆ 500 ಸುತ್ತು ಹೊಡೆದರೆ ರೆಕ್ಕೆಯ ತುದಿ ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತದೆ. ಕೆಳಗಿನಿಂದ ನೋಡಿದರೆ ಫ್ಯಾನ್ ಥರ ಕಾಣುತ್ತದೆ, ಅಷ್ಟೇ.

ಕೆಲಸ ಮಾಡುವುದು ಗಾಳಿ ಇಲ್ಲದ ಬೆಳಿಗ್ಗೆ ಹೊತ್ತು. ಬ್ರೇಕ್ ಹಾಕಿ, ರೆಕ್ಕೆ ನಿಂತಿದೆಯೇ ಅಂತ ಕಣ್ಣಾರೆ ನೋಡಿ, ಆಮೇಲೆ ಬ್ಯಾಟರಿಯ ಫ್ಯೂಸ್ ತೆಗೆಯಿರಿ. ಈ ಕ್ರಮ ತಪ್ಪಿಸಬೇಡಿ. ರೆಕ್ಕೆ ತಿರುಗುತ್ತಿರುವಾಗ ಬ್ಯಾಟರಿ ಬಿಡಿಸಿದರೆ ವೋಲ್ಟೇಜ್ ಸಿಕ್ಕಾಪಟ್ಟೆ ಏರುತ್ತದೆ, ಕಂಟ್ರೋಲರ್ ಹೋಗುತ್ತದೆ, ಕೈಗೂ ಶಾಕ್ ಹೊಡೆಯುತ್ತದೆ. ಬ್ಯಾಟರಿ ಹತ್ತಿರ ಹೋಗುವಾಗ ಉಂಗುರ, ಬಳೆ, ವಾಚು ತೆಗೆದಿಡಿ. ಸ್ಪ್ಯಾನರ್ ಎರಡೂ ಟರ್ಮಿನಲ್‌ಗೆ ತಾಗಿದರೆ ಕೆಂಪಗೆ ಕಾಯುತ್ತದೆ. ಕಂಬ ಇಳಿಸುವ ಕೆಲಸ ಬಂದರೆ, ಅದು ವಾಲುವ ಕಡೆ ಕರೆಂಟ್ ಲೈನ್ ಇದ್ದರೆ ಆ ಕೆಲಸ ನಿಮ್ಮದಲ್ಲ. ಮೋಡ ಗುಡುಗುವಾಗಲೂ ಅಲ್ಲ.

ಗಾಳಿ ಇದೆ, ಆದರೆ ತಿರುಗುತ್ತಿಲ್ಲ

ಮೊದಲ ಪ್ರಶ್ನೆ: ನಿಜವಾಗಲೂ ಗಾಳಿ ಇದೆಯಾ? ಮುಖಕ್ಕೆ ತಂಪಾಗಿ ಬೀಸಿದರೆ ನಮಗೆ ಗಾಳಿ ಅನ್ನಿಸುತ್ತದೆ, ಯಂತ್ರಕ್ಕೆ ಅನ್ನಿಸಲ್ಲ. ಗಾಳಿಯಲ್ಲಿರುವ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ನಮ್ಮ ಎರಡು ಮೀಟರಿನ ಯಂತ್ರದ ಮುಂದೆ ಸೆಕೆಂಡಿಗೆ 3 ಮೀಟರ್ ಗಾಳಿ ಬೀಸಿದರೆ ಅದರಲ್ಲಿ ಒಟ್ಟು ಇರುವುದೇ 45 ವಾಟ್ ಆಸುಪಾಸು. ಅದರಲ್ಲಿ 59.3 ಶೇಕಡಾಕ್ಕಿಂತ ಜಾಸ್ತಿ ಯಾವ ಯಂತ್ರವೂ ಹಿಡಿಯಲಾರದು ಅಂತ ಜರ್ಮನಿಯ ಆಲ್ಬರ್ಟ್ ಬೆಟ್ಜ್ 1920ರ ಹೊತ್ತಿಗೇ ಲೆಕ್ಕ ಹಾಕಿ ತೋರಿಸಿದ್ದರು. ನಮ್ಮಂಥ ಸಣ್ಣ ಯಂತ್ರಗಳಿಗೆ ಕಾಲು ಭಾಗ ಸಿಕ್ಕರೆ ಪುಣ್ಯ. ಅಂದರೆ 11 ವಾಟ್, ಒಂದು ಎಲ್ಇಡಿ ಬಲ್ಬ್. ಅದೇ ಗಾಳಿ ಸೆಕೆಂಡಿಗೆ 6 ಮೀಟರ್ ಆದರೆ 90 ವಾಟ್, 11 ಮೀಟರ್ ಆದರೆ 550. ಮಾರುವವರು ಡಬ್ಬಿ ಮೇಲೆ ಅಚ್ಚು ಹಾಕುವುದು ಈ ಕೊನೆಯ ಅಂಕಿಯನ್ನು. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ, ಇಲ್ಲಿ ಗಾಳಿ ಸುಮಾರು ಹತ್ತರಲ್ಲಿ ಒಂದು ಭಾಗ ತೆಳು, ಈ ಅಂಕಿಗಳಲ್ಲಿ ಅದನ್ನು ಆಗಲೇ ಕಳೆದಿದೆ. ಚಿತ್ರದುರ್ಗ, ಗದಗದ ಗುಡ್ಡದ ಮೇಲಿನ ದೊಡ್ಡ ಯಂತ್ರಗಳನ್ನು ಕಾರಿನ ಕಿಟಕಿಯಿಂದ ನೋಡಿ ಆಸೆಪಟ್ಟು ತಂದವನು ನಾನು. ಅವು ನಿಂತಿರುವುದು ಗುಡ್ಡದ ನೆತ್ತಿಯಲ್ಲಿ, ಅದರ ಮೇಲೆ ಮತ್ತೆ ಎತ್ತರದ ಕಂಬ. ನಾನು ನಿಲ್ಲಿಸಿದ್ದು ನೀರಿನ ಟ್ಯಾಂಕ್ ಪಕ್ಕ.

ಹಾಗಾಗಿ ಮಾರ್ಚ್‌ನಲ್ಲಿ ಅಥವಾ ದೀಪಾವಳಿ ಹೊತ್ತಿನಲ್ಲಿ ಯಂತ್ರ ಮಂಕಾಗಿದ್ದರೆ ಅದು ಕಾಯಿಲೆ ಅಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ, ಪಶ್ಚಿಮದ ಗಾಳಿ ತೆಂಗಿನ ಗರಿಗಳನ್ನು ಒಂದೇ ಕಡೆಗೆ ಬಾಚುತ್ತಿರುವಾಗಲೂ ಸುಮ್ನೆ ನಿಂತಿದ್ದರೆ ಆಗ ಕಾಯಿಲೆ.

ಮೂರು ರೆಕ್ಕೆಯ ಯಂತ್ರ ಹುಟ್ಟಾ ಸೋಮಾರಿ, ಹೊರಡುವುದು ನಿಧಾನ. ಅಮೆರಿಕದ ಚಾರ್ಲ್ಸ್ ಬ್ರಷ್ 1888ರಲ್ಲಿ ತನ್ನ ಮನೆಯ ಹಿತ್ತಲಲ್ಲಿ ಕರೆಂಟಿಗಾಗಿ ನಿಲ್ಲಿಸಿದ ಯಂತ್ರಕ್ಕೆ 144 ರೆಕ್ಕೆ ಇದ್ದವು, 17 ಮೀಟರ್ ಅಗಲ. ಅಷ್ಟಾದರೂ ಬರುತ್ತಿದ್ದದ್ದು 12 ಕಿಲೋವಾಟ್. ಕೆಲವೇ ರೆಕ್ಕೆ ಇದ್ದು ಜೋರಾಗಿ ತಿರುಗಿದರೆ ಕರೆಂಟಿಗೆ ಒಳ್ಳೆಯದು ಅಂತ ಆಮೇಲೆ ಡೆನ್ಮಾರ್ಕಿನ ಪೌಲ್ ಲಾ ಕೋರ್ ಪ್ರಯೋಗ ಮಾಡಿ ತೋರಿಸಿದರು. ನೀರೆತ್ತುವ ಯಂತ್ರಕ್ಕೆ ಮಾತ್ರ ಇಂದಿಗೂ ತುಂಬ ರೆಕ್ಕೆಯೇ ಸರಿ, ಯಾಕೆಂದರೆ ಪಂಪಿನ ಭಾರ ಹೊತ್ತೇ ಹೊರಡಬೇಕು. 1960ರ ದಶಕದಲ್ಲಿ ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಮಾಡಿದ ಡಬ್ಲ್ಯೂಪಿ-2 ಅಂಥ ನೀರೆತ್ತುವ ಯಂತ್ರ.

ಗಾಳಿ ಇರುವುದು ಖಾತ್ರಿ ಆದರೆ ಬ್ರೇಕ್ ಸ್ವಿಚ್ ನೋಡಿ. ಬ್ರೇಕ್ ಅಂದರೆ ಇಲ್ಲಿ ಸೈಕಲ್ ಬ್ರೇಕ್ ಥರ ಉಜ್ಜುವ ವಸ್ತು ಅಲ್ಲ. ಆಲ್ಟರ್ನೇಟರಿನಿಂದ ಬರುವ ಮೂರು ವೈರುಗಳನ್ನು ಒಂದಕ್ಕೊಂದು ಸೇರಿಸಿಬಿಡುವುದು. ಆಗ ಒಳಗಿನ ಕಾಂತವೇ ರೆಕ್ಕೆಯನ್ನು ಹಿಡಿದು ನಿಲ್ಲಿಸುತ್ತದೆ. ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ಆ ಮೂರು ವೈರುಗಳು ಬೇರೆ ಎಲ್ಲೇ ಶಾರ್ಟ್ ಆದರೂ ಯಂತ್ರ ಬ್ರೇಕ್ ಬಿದ್ದ ಹಾಗೇ ನಿಲ್ಲುತ್ತದೆ. ಅಳಿಲು ಕಡಿದ ವೈರು, ನೀರು ಹೋದ ಜಂಕ್ಷನ್ ಡಬ್ಬಿ, ಸುಟ್ಟ ಡಯೋಡು, ಎಲ್ಲದರ ಲಕ್ಷಣವೂ ಒಂದೇ.

ಬಿಡಿಸಿ ನೋಡುವುದು ಹೀಗೆ. ಗಾಳಿ ಪೂರ್ತಿ ನಿಂತಿರುವಾಗ, ಕೆಳಗೆ ಕಂಟ್ರೋಲರ್ ಹತ್ತಿರ ಮೂರೂ ವೈರು ತೆಗೆದು, ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆ ಇಡಿ. ಒಬ್ಬರು ವೈರಿನ ಹತ್ತಿರ ಕಾವಲು ನಿಲ್ಲಲಿ. ಆಮೇಲೆ ಸಣ್ಣ ಗಾಳಿ ಬಂದಾಗ ರೆಕ್ಕೆ ಹೊರಟಿತೆಂದರೆ ದೋಷ ಕಂಟ್ರೋಲರ್ ಅಥವಾ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ರೆಕ್ಟಿಫೈಯರಿನಲ್ಲಿದೆ, ಕಂಬ ಮುಟ್ಟುವ ಅಗತ್ಯವೇ ಇಲ್ಲ. ತಕ್ಷಣ ವೈರು ಮತ್ತೆ ಸೇರಿಸಿ ನಿಲ್ಲಿಸಿಬಿಡಿ, ಭಾರ ಇಲ್ಲದೆ, ಅಂದರೆ ಕರೆಂಟ್ ಎಳೆಯುವ ಬ್ಯಾಟರಿಯಂಥದ್ದು ಇಲ್ಲದೆ, ತಿರುಗಲು ಬಿಡಬಾರದು. ಹೊರಡಲಿಲ್ಲ ಅಂದರೆ ಕಂಬ ಇಳಿಸಿದ ಮೇಲೆ ತಲೆಯ ಹತ್ತಿರವೇ ವೈರು ಬಿಡಿಸಿ, ಕೈಯಿಂದ ತಿರುಗಿಸಿ. ಆಗ ಕೈಯೇ ಹೇಳುತ್ತದೆ. ನಿಧಾನಕ್ಕೆ ತಿರುಗಿಸಿದರೆ ಸಲೀಸು, ಜೋರು ಮಾಡಿದಷ್ಟೂ ಬೆಲ್ಲದ ಪಾಕದಲ್ಲಿ ಸೌಟು ಆಡಿಸಿದ ಹಾಗೆ ತಡೆಯುತ್ತದೆ ಅಂದರೆ ಆಲ್ಟರ್ನೇಟರಿನ ತಂತಿ ಸುರುಳಿ, ಅಂದರೆ ವೈಂಡಿಂಗ್ ಒಳಗೆ ಶಾರ್ಟ್. ನಿಧಾನಕ್ಕೂ ಜೋರಿಗೂ ಒಂದೇ ಥರ ಬಿಗಿ, ಜೊತೆಗೆ ಮರಳು ಸಿಕ್ಕಿದ ಹಾಗೆ ಕರಕರ ಅಂದರೆ ಬೇರಿಂಗ್. ಸುತ್ತಿನ ಒಂದೇ ಜಾಗದಲ್ಲಿ ಉಜ್ಜಿದರೆ ಕಾಂತ ತುಕ್ಕು ಹಿಡಿದು ಉಬ್ಬಿದೆ.

ಇನ್ನೊಂದು, ನಮ್ಮೂರಿನ ವಿಶೇಷ: ಆಷಾಢದಲ್ಲಿ ಹುಡುಗರು ಹಾರಿಸುವ ಗಾಳಿಪಟದ ಮಾಂಜಾ ದಾರ. ರೆಕ್ಕೆಗಳು ಕೂಡುವ ನಡುಭಾಗದ ಹಿಂದೆ ಸುತ್ತಿಕೊಂಡು, ಬೇರಿಂಗಿನ ಸೀಲ್ ಒಳಗೆ ನುಗ್ಗಿಬಿಡುತ್ತದೆ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿದರೆ ಕೆಳಗಿನಿಂದಲೇ ಕಾಣುತ್ತದೆ. ಗಾಜಿನ ಪುಡಿ ಹಚ್ಚಿದ ದಾರ, ಬರಿಗೈಲಿ ಎಳೆಯಬೇಡಿ.

ಚೆನ್ನಾಗಿ ತಿರುಗುತ್ತದೆ, ಬ್ಯಾಟರಿ ತುಂಬಲ್ಲ

ತಿರುಗುವ ಬಗೆ ನೋಡಿ. ನಿಧಾನಕ್ಕೆ ತಿರುಗುತ್ತಿದ್ದರೆ ವೋಲ್ಟೇಜ್ ಬ್ಯಾಟರಿಯನ್ನು ಮೀರುವಷ್ಟು ಬಂದಿಲ್ಲ ಅಷ್ಟೇ, ಒಂದು ಹನಿಯೂ ಒಳಗೆ ಹೋಗಲ್ಲ. ಯಾವತ್ತಿಗಿಂತ ಜೋರಾಗಿ, ಹಗುರಾಗಿ, ಶಿಳ್ಳೆ ಹೊಡೆಯುತ್ತಾ ತಿರುಗುತ್ತಿದ್ದು ಆಂಪಿಯರ್ ಸೊನ್ನೆ ಇದ್ದರೆ ಎಲ್ಲೋ ದಾರಿ ಕಡಿದಿದೆ. ಇದು ಅಪಾಯದ ಸ್ಥಿತಿ. ಗಾಳಿ ತಗ್ಗಿದಾಗ ಮೊದಲು ಬ್ರೇಕ್ ಹಾಕಿ, ಆಮೇಲೆ ಹುಡುಕಿ.

ಹುಡುಕುವ ಕ್ರಮ: ಫ್ಯೂಸ್, ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ ಹಸಿರು ಬೂಷ್ಟು, ಸಡಿಲ ಸ್ಕ್ರೂ. ಕರಗಿದ ಪ್ಲಾಸ್ಟಿಕ್ ಕಂಡರೆ ಅಲ್ಲೇ ಸಡಿಲ ಇತ್ತು ಅಂತ ಅರ್ಥ. ಬ್ಯಾಟರಿ ರಾತ್ರಿಯೆಲ್ಲಾ ವಿಶ್ರಾಂತಿ ಪಡೆದ ಮೇಲೆ 24 ವೋಲ್ಟಿನ ಜೋಡಿಯಲ್ಲಿ 25.4 ತೋರಿಸಿದರೆ ತುಂಬಿದೆ, 23.6 ಆಸುಪಾಸು ಇದ್ದರೆ ಖಾಲಿ. ಎರಡು ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಅಳೆಯಿರಿ, ಒಂದು 12.6 ಇನ್ನೊಂದು 10.5 ಇದ್ದರೆ ಯಂತ್ರವನ್ನು ಬೈಯುವುದು ನಿಲ್ಲಿಸಿ, ಆ ಬ್ಯಾಟರಿಯ ಒಂದು ಸೆಲ್ ಸತ್ತಿದೆ. ಬೆಂಗಳೂರಿನಲ್ಲಿ ಗಾಳಿ ಇಲ್ಲದ ತಿಂಗಳುಗಳೇ ಜಾಸ್ತಿ. ಆಗ ಬ್ಯಾಟರಿ ಅರೆಹೊಟ್ಟೆಯಲ್ಲೇ ಇದ್ದು ಹಾಳಾಗುತ್ತದೆ. ಜೊತೆಗೊಂದು ಸೋಲಾರ್ ಪ್ಯಾನಲ್ ಇದ್ದರೆ ಬ್ಯಾಟರಿಯ ಆಯುಸ್ಸು ಉಳಿಯುತ್ತದೆ.

ಆಮೇಲೆ ಮೂರು ವೈರು. ಯಂತ್ರ ನಿಧಾನಕ್ಕೆ ತಿರುಗುತ್ತಿರುವಾಗ, ವೈರು ಬಿಡಿಸದೆಯೇ ಟರ್ಮಿನಲ್ ಮೇಲೆ ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಒಂದು-ಎರಡು, ಎರಡು-ಮೂರು, ಮೂರು-ಒಂದು ಅಳೆಯಿರಿ. ಮೂರೂ ಹತ್ತಿರ ಹತ್ತಿರ ಇರಬೇಕು. ಒಂದು ಜೋಡಿ ಸರಿ ಇದ್ದು ಉಳಿದೆರಡು ಬಿದ್ದುಹೋಗಿದ್ದರೆ, ಆ ಎರಡರಲ್ಲೂ ಇರುವ ವೈರೇ ಕಳ್ಳ. ದೋಷ ವೈರಿನಲ್ಲಿರಬಹುದು, ಕಂಬದ ತಲೆಯಲ್ಲಿ ತಿರುಗುವ ಭಾಗದಿಂದ ಕರೆಂಟ್ ಇಳಿಸುವ ಸ್ಲಿಪ್ ರಿಂಗ್ ಮತ್ತು ಬ್ರಶ್‌ನಲ್ಲಿರಬಹುದು. ಕೆಲವು ಯಂತ್ರಗಳಲ್ಲಿ ಸ್ಲಿಪ್ ರಿಂಗೇ ಇಲ್ಲ, ವೈರು ಸೀದಾ ಕಂಬದೊಳಗೆ ಇಳಿಯುತ್ತದೆ. ಅದು ವರ್ಷಪೂರ್ತಿ ಜಡೆ ಹೆಣೆದುಕೊಳ್ಳುತ್ತದೆ. ಬುಡದಲ್ಲಿ ಬಿಡಿಸಿ, ಹಿಂದಕ್ಕೆ ಸುತ್ತಿ, ಮತ್ತೆ ಹಾಕಬೇಕು.

ರೆಕ್ಟಿಫೈಯರ್ ಪರೀಕ್ಷೆಗೆ ಎಲ್ಲಾ ವೈರು ಬಿಡಿಸಿರಬೇಕು. ಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಪ್ರತಿ ಎಸಿ ಕಾಲಿನಿಂದ ಪ್ಲಸ್‌ಗೂ ಮೈನಸ್‌ಗೂ ನೋಡಿ. ಒಂದು ಕಡೆಗೆ 0.4ರಿಂದ 0.6, ತಿರುಗಿಸಿ ಹಿಡಿದರೆ ಏನೂ ಇಲ್ಲ. ಅದು ಆರೋಗ್ಯ. ಎರಡೂ ಕಡೆ ಸೊನ್ನೆ ಬಂದರೆ ಡಯೋಡ್ ಶಾರ್ಟ್ ಆಗಿದೆ, ಎರಡೂ ಕಡೆ ಏನೂ ಬರದಿದ್ದರೆ ಕಡಿದಿದೆ. ಎಸ್.ಪಿ. ರೋಡಿನಲ್ಲಿ ಹೊಸದು ಸಿಗುತ್ತದೆ. ಆಂಪಿಯರ್ ಒಂದು ಮೆಟ್ಟಿಲು ಜಾಸ್ತಿಯದ್ದೇ ತನ್ನಿ, ಹಿಂದೆ ಅಲ್ಯೂಮಿನಿಯಂ ತಟ್ಟೆ ಹಾಕುವುದನ್ನು ಮರೆಯಬೇಡಿ.

ಒಂದು ಕಡೆ ಮುಖ ಮಾಡಿ ನಿಲ್ಲಲ್ಲ, ಸುಮ್ನೆ ಗಿರಗಿರ ಸುತ್ತುತ್ತದೆ

ಹಳೆಯ ಯುರೋಪಿನ ಗಾಳಿಗಿರಣಿಗಳಲ್ಲಿ ಗಾಳಿ ದಿಕ್ಕು ಬದಲಿಸಿದಾಗಲೆಲ್ಲ ಗಿರಣಿಯವನೇ ಉದ್ದದ ತೊಲೆ ಹಿಡಿದು ಇಡೀ ಗಿರಣಿಯನ್ನು ತಳ್ಳಬೇಕಿತ್ತು. 1745ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಲೀ ಹಿಂಬದಿಗೆ ಅಡ್ಡಲಾಗಿ ಇನ್ನೊಂದು ಸಣ್ಣ ಚಕ್ರ ಕಟ್ಟಿ, ಗಿರಣಿ ತಾನೇ ತಿರುಗುವ ಹಾಗೆ ಮಾಡಿ ಪೇಟೆಂಟ್ ತೆಗೆದುಕೊಂಡ. ನಮ್ಮ ಪುಟ್ಟ ಯಂತ್ರಕ್ಕೆ ಆ ಕೆಲಸ ಮಾಡುವುದು ಬಾಲ. ಬಾಲ ಪಾಪ ಬಂದ ಗಾಳಿಯನ್ನು ನಂಬುತ್ತದೆ. ಗಾಳಿಯೇ ನಾಲ್ಕು ಕಡೆಯಿಂದ ಬಂದರೆ ಅದೇನು ಮಾಡೀತು?

ಈಗ ಗಾಳಿಪಟ. ಬಾಲದ ಪಟವೊಂದನ್ನು ತಾರಸಿಯಿಂದ ಹಾರಿಸಿ, ದಾರಕ್ಕೆ ಮೀಟರಿಗೊಂದರಂತೆ ತೆಳು ರಿಬ್ಬನ್ ಕಟ್ಟಿ. ಹತ್ತಿ ದಾರ ಇರಲಿ, ಕರೆಂಟ್ ಲೈನಿನಿಂದ ದೂರ ಇರಲಿ, ಯಂತ್ರಕ್ಕೆ ಬ್ರೇಕ್ ಹಾಕಿರಲಿ. ಮೇಲಿನ ರಿಬ್ಬನ್ನುಗಳು ಒಂದೇ ಕಡೆ ಮಟ್ಟಸವಾಗಿ ಹಾರುತ್ತವೆ, ಕೆಳಗಿನವು ಕುಣಿಯುತ್ತವೆ. ಎಲ್ಲಿಂದ ಕುಣಿತ ನಿಲ್ಲುತ್ತದೋ ಅಲ್ಲಿಗೆ ಯಂತ್ರ ಹೋಗಬೇಕು. ಕಟ್ಟಡದ ಹಿಂದೆ ಗಾಳಿಯ ಈ ಗೊಂದಲ ಅದರ ಎತ್ತರದ ಎರಡು ಪಟ್ಟು ಮೇಲಕ್ಕೂ ಇಪ್ಪತ್ತು ಪಟ್ಟು ದೂರಕ್ಕೂ ಇರುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ. ನಾನು ಯಂತ್ರ ಹಾಕಿದ ಎರಡನೇ ವರ್ಷ ಪಶ್ಚಿಮಕ್ಕಿದ್ದ ಖಾಲಿ ಸೈಟಿನಲ್ಲಿ ನಾಲ್ಕು ಮಹಡಿ ಎದ್ದಿತು. ಅದಕ್ಕೆ ಗ್ರೀಸ್ ಹಚ್ಚಿ ರಿಪೇರಿ ಮಾಡಲು ಬರಲ್ಲ.

ಪಟ ಚೆನ್ನಾಗಿ ನಿಂತು, ಯಂತ್ರ ಮಾತ್ರ ದಿಕ್ಕು ತಪ್ಪುತ್ತಿದ್ದರೆ ಕಂಬಕ್ಕೆ ರಸಮಟ್ಟ ಇಟ್ಟು ಎರಡು ಕಡೆಯಿಂದ ನೋಡಿ. ಕಂಬ ವಾಲಿದ್ದರೆ ಭಾರದ ತಲೆ ಯಾವಾಗಲೂ ತಗ್ಗಿಗೇ ಜಾರುತ್ತದೆ. ಕೊನೆಗೆ ಕಂಬದ ತಲೆಯ ಬೇರಿಂಗ್, ಗ್ರೀಸ್.

ಸದ್ದು

ಪಕ್ಕದ ಮನೆ ಆಂಟಿ ಬಂದು "ರಾತ್ರಿ ಅದೇನಪ್ಪಾ ಸದ್ದು" ಅಂದರೆ, ಎಂಥ ಸದ್ದು ಅಂತ ಅವರನ್ನೇ ಕೇಳಿ. ನಮ್ಮ ಕಿವಿಗೆ ಅದು ಅಭ್ಯಾಸ ಆಗಿಬಿಟ್ಟಿರುತ್ತದೆ.

ಶಿಳ್ಳೆಯಾದರೆ ರೆಕ್ಕೆಯ ಅಂಚು ಚಕ್ಕೆ ಎದ್ದಿರಬಹುದು. ಆದರೆ ಮೊದಲು ಪೈಪಿನಲ್ಲಿ ತೆರೆದ ತೂತು ಇದೆಯೇ ನೋಡಿ, ಕೊಳಲಿನ ಥರ ಊದುತ್ತದೆ, ಒಂದು ಬಿರಡೆ ಸಾಕು. ಸುತ್ತಿಗೊಂದು ಟಕ್ ಅಂದರೆ ಬೋಲ್ಟ್ ಸಡಿಲ. ಚಾರ್ಜ್ ಆಗುವಾಗ ಮಾತ್ರ ಗುರ್ ಅಂತ ಗೊಣಗಿ, ಕಂಬ ಮುಟ್ಟಿದರೆ ಕೈ ಝುಮ್ ಅಂದರೆ ಮೂರು ವೈರಿನಲ್ಲಿ ಒಂದರ ಕರೆಂಟ್, ಅಂದರೆ ಒಂದು ಫೇಸ್, ಬರುತ್ತಿಲ್ಲ, ಬ್ಯಾಟರಿ ತುಂಬದ ಭಾಗಕ್ಕೆ ವಾಪಸ್ ಹೋಗಿ. ಇಡೀ ಮನೆಯೇ ಗುಂಯ್ ಅಂದರೆ ಕಂಬವನ್ನು ಗೋಡೆಗೆ ಬಿಗಿದಿದ್ದೀರಿ. ರಬ್ಬರ್ ತುಂಡು ಹಾಕಿ ನೋಡಬಹುದು, ನನಗೆ ಅಷ್ಟೇನೂ ಕೆಲಸ ಮಾಡಲಿಲ್ಲ.

ಕಂಬ ರೆಕ್ಕೆಯ ಲಯಕ್ಕೆ ತೂಗಾಡಿದರೆ ಸಮತೋಲ ತಪ್ಪಿದೆ. ಕಂಬ ಇಳಿಸಿ, ರೆಕ್ಕೆಗಳ ತುದಿಯಿಂದ ತುದಿಗೆ ಅಳೆಯಿರಿ, ಮೂರೂ ಅಂತರ ಒಂದೇ ಇರಬೇಕು. ಬಿಚ್ಚಿ ತೂಗಿ. ಮರದ ರೆಕ್ಕೆ ಮಳೆಗಾಲದಲ್ಲಿ ನೀರು ಕುಡಿದು ಒಂದು ಮಾತ್ರ ಭಾರ ಆಗುವುದುಂಟು. ನನ್ನದರಲ್ಲಿ ಸಿಕ್ಕಿದ್ದು ಕಣಜದ ಮಣ್ಣಿನ ಗೂಡು, ಬೆರಳಿನಷ್ಟು ದಪ್ಪ.

ರೆಕ್ಕೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಅಲ್ಲಿಗೆ ನಿಲ್ಲಿಸಿ. ಎಂ-ಸೀಲ್ ಮೆತ್ತಿ ಓಡಿಸುವ ಯೋಚನೆ ಬೇಡ. ಅಮೆರಿಕದ ವರ್ಮಾಂಟಿನಲ್ಲಿ 1941ರಲ್ಲಿ ನಿಂತ ಸ್ಮಿತ್-ಪುಟ್ನಮ್ ಯಂತ್ರ 1.25 ಮೆಗಾವಾಟಿನದು, ಆ ಕಾಲಕ್ಕೆ ದೈತ್ಯ. 1943ರಲ್ಲಿ ಅದರ ಬೇರಿಂಗ್ ಹೋಯಿತು. ಯುದ್ಧದ ಕಾಲ, ಹೊಸ ಬೇರಿಂಗ್ ಬರಲು ಎರಡು ವರ್ಷ ಹಿಡಿಯಿತು. 1945ರ ಮಾರ್ಚ್‌ನಲ್ಲಿ ಮತ್ತೆ ಓಡಿಸಿದಾಗ, ಬಲ ಸಾಲದು ಅಂತ ಮೊದಲೇ ಗೊತ್ತಿದ್ದ ಜಾಗದಲ್ಲೇ ಒಂದು ರೆಕ್ಕೆ ಮುರಿದು ಹಾರಿತು. ಅವರದು ಬೆಟ್ಟ. ನಮ್ಮ ಸುತ್ತ ಬಟ್ಟೆ ಒಣಗಿಸುವವರಿದ್ದಾರೆ.

ಜೋರು ಗಾಳಿಗೆ ಹುಚ್ಚು ಹಿಡಿದ ಹಾಗೆ ತಿರುಗುತ್ತದೆ

ಗಾಳಿಯಂತ್ರದ ಚರಿತ್ರೆಯಲ್ಲಿ ಜಾಸ್ತಿ ತಲೆ ಓಡಿದ್ದು ಗಾಳಿ ಹಿಡಿಯಲು ಅಲ್ಲ, ಗಾಳಿ ಬಿಡಲು ಅನ್ನಿಸುತ್ತದೆ ನನಗೆ. ಅಮೆರಿಕದ ಡೇನಿಯಲ್ ಹ್ಯಾಲಡೇ 1854ರಲ್ಲಿ ಬಿರುಗಾಳಿಗೆ ತಾನೇ ತಗ್ಗುವ ನೀರಿನ ಯಂತ್ರ ಮಾಡಿದ. ಡೆನ್ಮಾರ್ಕಿನ ಯೋಹಾನೆಸ್ ಯೂಲ್ 1957ರ ಗೆಡ್ಸರ್ ಯಂತ್ರದಲ್ಲಿ ರೆಕ್ಕೆಯ ತುದಿಯೇ ಅಡ್ಡ ತಿರುಗಿ ಬ್ರೇಕ್ ಆಗುವ ಹಾಗೆ ಮಾಡಿದರು. ನಮ್ಮ ಸಣ್ಣ ಯಂತ್ರಗಳಲ್ಲಿ ಇರುವುದು ಮಡಚುವ ಬಾಲ. ರೆಕ್ಕೆಯ ನಡು ಕಂಬದ ನಡುವಿನಿಂದ ಸ್ವಲ್ಪ ಪಕ್ಕಕ್ಕಿರುತ್ತದೆ. ಗಾಳಿ ಜೋರಾದರೆ ಅದು ರೆಕ್ಕೆಯನ್ನು ಪಕ್ಕಕ್ಕೆ ತಳ್ಳುತ್ತದೆ, ಓರೆ ಕೀಲಿನ ಮೇಲಿನ ಬಾಲ ಮೇಲಕ್ಕೆ ಮಡಚುತ್ತದೆ, ಗಾಳಿ ತಗ್ಗಿದಾಗ ತನ್ನ ಭಾರಕ್ಕೇ ಇಳಿದು ವಾಪಸ್ ಬರುತ್ತದೆ. ಸ್ಪ್ರಿಂಗ್ ಇಲ್ಲ, ಮೋಟಾರ್ ಇಲ್ಲ. ಕೀಲು ತುಕ್ಕು ಹಿಡಿದರೆ ಅಥವಾ ಯಾರಾದರೂ ಬಾಲದ ಭಾರ ಹೆಚ್ಚಿಸಿದರೆ ಅದು ಮಡಚಲ್ಲ. ನಾನು ಮಾಡಿದ ಪೆದ್ದುತನ ಇನ್ನೂ ಚೆನ್ನಾಗಿದೆ: ಬಾಲ ಕಟಕಟ ಅನ್ನುತ್ತದೆ ಅಂತ ತಂತಿ ಸುತ್ತಿ ಬಿಗಿದುಬಿಟ್ಟಿದ್ದೆ.

ಬಾಲ ಸರಿ ಇದ್ದರೆ ಕರೆಂಟ್ ಎಳೆಯುವ ಭಾರ ನೋಡಿ. ಬ್ಯಾಟರಿ ತುಂಬಿದ ಮೇಲೆ ಕಂಟ್ರೋಲರ್ ಉಳಿದ ಕರೆಂಟನ್ನು ಡಂಪ್ ಲೋಡ್ ಎಂಬ ಕಾಯಿಲ್‌ಗೆ ಕಳಿಸಬೇಕು. ಬ್ಯಾಟರಿ ತುಂಬಿದೆ, ಯಂತ್ರ ಓಡುತ್ತಿದೆ, ಕಾಯಿಲ್ ಮಾತ್ರ ತಣ್ಣಗಿದೆ ಅಂದರೆ ಅಲ್ಲೇ ದೋಷ. ಕೈ ಸ್ವಲ್ಪ ದೂರ ಹಿಡಿದು ಶಾಖ ನೋಡಿ, ಮುಟ್ಟಬೇಡಿ. ಮನೆ ಲೈನಿಗೆ ಸೇರಿಸಿದ ಗ್ರಿಡ್ ಇನ್ವರ್ಟರ್ ಇದ್ದವರಿಗೆ ಇನ್ನೊಂದು ಮಾತು. ಲೈನ್ ಹೋದ ತಕ್ಷಣ ಆ ಇನ್ವರ್ಟರ್ ತಾನೂ ನಿಲ್ಲುತ್ತದೆ, ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದು ಅಂತಲೇ ಹಾಗೆ ಮಾಡಿರುವುದು. ನಮ್ಮೂರಲ್ಲಿ ಕರೆಂಟ್ ಹೋಗುವುದು ಯಾವಾಗ? ಏಪ್ರಿಲ್-ಮೇ ಸಂಜೆ ಮಳೆಗೆ ಮುಂಚೆ ಗಾಳಿ ಎದ್ದು ಮರ ಬಿದ್ದಾಗ. ಅಂದರೆ ಯಂತ್ರಕ್ಕೆ ಭಾರ ಬೇಕೇಬೇಕಾದ ಹೊತ್ತಿಗೆ ಸರಿಯಾಗಿ ಭಾರ ಮಾಯ. ಅಂಥ ಕಡೆ ಲೈನ್ ಇಲ್ಲದಿದ್ದರೂ ಕೆಲಸ ಮಾಡುವ ಡಂಪ್ ಲೋಡ್ ಇಲ್ಲದೆ ಯಂತ್ರ ಓಡಿಸಲೇಬೇಡಿ.

ಈಗಲೇ ಹುಚ್ಚಾಪಟ್ಟೆ ತಿರುಗುತ್ತಿದ್ದರೆ, ತಾರಸಿಯಿಂದ ಎಲ್ಲರನ್ನೂ ಇಳಿಸಿ. ರೆಕ್ಕೆ ತಿರುಗುವ ಸಾಲಿನಲ್ಲಿ ಯಾರೂ ನಿಲ್ಲಬಾರದು, ಮುರಿದರೆ ಹಾರುವುದು ಆ ಕಡೆಗೇ. ಗಾಳಿ ಒಂದು ಕ್ಷಣ ತಗ್ಗಿದಾಗ ಬ್ರೇಕ್ ಒತ್ತಿ. ಕೆಲವು ಸೆಕೆಂಡಿನಲ್ಲಿ ನಿಧಾನ ಆಗದಿದ್ದರೆ ಬಿಟ್ಟುಬಿಡಿ, ಹಿಡಿದುಕೊಂಡೇ ಇದ್ದರೆ ವೈಂಡಿಂಗ್ ಸುಡುತ್ತದೆ. ಮುಂದಿನ ತಗ್ಗಿಗೆ ಕಾಯಿರಿ. ಬೇರೆ ಉಪಾಯ ಇಲ್ಲ.

ಸುಟ್ಟ ವಾಸನೆ, ಅಥವಾ ಅದೇ ಗಾಳಿಗೆ ಮೊದಲಿನಷ್ಟು ವೋಲ್ಟ್ ಇಲ್ಲ

ಈಗಿನ ಆಲ್ಟರ್ನೇಟರ್ ಇಷ್ಟು ಚಿಕ್ಕದಾಗಲು ಕಾರಣ ನಿಯೋಡಿಮಿಯಂ ಕಾಂತ, 1980ರ ದಶಕದ ಮೊದಲಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದವರು ಬೇರೆ ಬೇರೆಯಾಗಿ ಕಂಡುಹಿಡಿದದ್ದು. ಇದಕ್ಕೆ ಎರಡು ಶತ್ರುಗಳು, ತುಕ್ಕು ಮತ್ತು ಶಾಖ. ಸಾಮಾನ್ಯ ದರ್ಜೆಯದು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳಲು ಶುರುಮಾಡುತ್ತದೆ, ತಣ್ಣಗಾದ ಮೇಲೂ ಪೂರ್ತಿ ವಾಪಸ್ ಬರಲ್ಲ. ಪರೀಕ್ಷೆ ಸುಲಭ, ಆದರೆ ಯಂತ್ರ ಹೊಸದಿದ್ದಾಗಲೇ ಒಂದು ಅಂಕಿ ಬರೆದಿಟ್ಟಿರಬೇಕು. ಕಂಬ ಇಳಿಸಿರುವಾಗ, ವೈರು ಬಿಡಿಸಿ, ಸೆಕೆಂಡಿಗೆ ಒಂದು ಸುತ್ತಿನಂತೆ ಕೈಯಿಂದ ತಿರುಗಿಸಿ ಎರಡು ವೈರಿನ ನಡುವೆ ಎಸಿ ವೋಲ್ಟ್ ನೋಡಿ. ಮೂರೂ ಜೋಡಿ ಸಮನಾಗಿದ್ದು ಎಲ್ಲವೂ ಹಳೆಯ ಅಂಕಿಗಿಂತ ಕಮ್ಮಿ ಇದ್ದರೆ ಕಾಂತ ಸೋತಿದೆ. ಒಂದೆರಡು ಜೋಡಿ ಮಾತ್ರ ಕಮ್ಮಿ ಇದ್ದರೆ ವೈಂಡಿಂಗ್ ಸುಟ್ಟಿದೆ.

ಇಲ್ಲಿಂದ ಮುಂದೆ ಮನೆಯಲ್ಲಿ ಬಿಚ್ಚಬೇಡಿ. ಆ ಕಾಂತದ ತಟ್ಟೆಗಳು ಬೆರಳು ಸಿಕ್ಕಿಸಿಕೊಂಡರೆ ಮೂಳೆ ಮುರಿಯುತ್ತವೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಆ ಕೋಣೆಗೂ ಬರಬಾರದು. ಮೋಟಾರ್ ರಿವೈಂಡಿಂಗ್ ಅಂಗಡಿಗೆ ಒಯ್ಯುವಾಗ ಇದು ಶಾಶ್ವತ ಕಾಂತದ ಮೂರು ಫೇಸ್ ಆಲ್ಟರ್ನೇಟರ್, ಮೋಟಾರ್ ಅಲ್ಲ ಅಂತ ಮೊದಲೇ ಹೇಳಿ. ಎಷ್ಟು ಕಾಯಿಲ್, ಯಾವ ಗೇಜ್ ತಂತಿ, ಎಷ್ಟು ಸುತ್ತು ಅಂತ ಹಳೆಯ ಕಾಯಿಲ್ ಬಿಚ್ಚುವಾಗಲೇ ಎಣಿಸಿ ಬರೆದುಕೊಳ್ಳಲು ಹೇಳಿ. ಒಂದು ಕಾಯಿಲ್ ಸುಟ್ಟಿದ್ದರೂ ಮೂರೂ ಫೇಸ್ ಹೊಸದಾಗಿ ಸುತ್ತಿಸುವುದು ವಾಸಿ. ಒಂದೊಂದು ಕಾಯಿಲ್ ಒಂದೊಂದು ಥರ ಆದರೆ ಆ ಗುರ್ ಸದ್ದು ಮತ್ತೆ ಬರುತ್ತದೆ.

ನಿಂತುಕೊಂಡು ತಿರುಗುವ ಬಗೆಯವಕ್ಕೆ ಎರಡು ಮಾತು

ಆನ್‌ಲೈನಿನಲ್ಲಿ ಸಿಗುವ ಲಂಬ ಯಂತ್ರಗಳಲ್ಲಿ ಎರಡು ಜಾತಿ. ಡ್ರಮ್ ಸೀಳಿದ ಹಾಗಿರುವುದು 1920ರ ದಶಕದಲ್ಲಿ ಫಿನ್‌ಲೆಂಡಿನ ಸಾವೋನಿಯಸ್ ಮಾಡಿದ್ದು. ಸಣ್ಣ ಗಾಳಿಗೂ ಹೊರಡುತ್ತದೆ, ಕರೆಂಟ್ ಕಮ್ಮಿ. ತೆಳು ಬಾಗಿದ ಪಟ್ಟಿಗಳದ್ದು ಅದೇ ದಶಕದಲ್ಲಿ ಫ್ರಾನ್ಸಿನ ಡಾರಿಯು ಪೇಟೆಂಟ್ ಮಾಡಿದ್ದು. ಅದು ಎಷ್ಟೋ ಸಲ ತಾನಾಗಿ ಹೊರಡುವುದೇ ಇಲ್ಲ, ಯಾರಾದರೂ ತಳ್ಳಿ ಕೊಡಬೇಕು. ತಳ್ಳಿದ ಮೇಲೆ ಓಡಿದರೆ ಅದರಲ್ಲಿ ದೋಷ ಏನೂ ಇಲ್ಲ, ಬೇರಿಂಗ್ ಬದಲಾಯಿಸಿ ದುಡ್ಡು ಕಳೆಯಬೇಡಿ. ಇವುಗಳಿಗೆ ಬಾಲ ಇಲ್ಲ, ಮಡಚುವ ಉಪಾಯವೂ ಇಲ್ಲ. ಬಿರುಗಾಳಿಗೆ ಇರುವುದು ಬ್ರೇಕ್ ಒಂದೇ, ಅದನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.